ಹುರುಳಿ ಒಕ್ಕಣೆಯೂ ಹೊರದೇಶದ ಲೈಸೆನ್ಸೂ

ಗಂಡಸರ ಒಂದು ಗುಟ್ಟನ್ನು ಹೇಳಿಬಿಡುತ್ತೇನೆ. ನಮಗೆ ಏನು ಬೇಕಾದರೂ ಅನ್ನಿ, ಸಹಿಸಿಕೊಳ್ಳುತ್ತೇವೆ. ಹಾಡಲು ಬರುವುದಿಲ್ಲ ಎಂದರೆ ನಕ್ಕುಬಿಡುತ್ತೇವೆ. ಅಡುಗೆ ಬರುವುದಿಲ್ಲ ಎಂದರೆ ಒಳಗೊಳಗೇ ಸಂತೋಷಪಡುತ್ತೇವೆ. ಬುದ್ಧಿ ಸಾಲದು ಎಂದರೆ, ಹಾಗೆ ಹೇಳುವವಳು ಹೆಂಡತಿಯಾಗಿದ್ದರೆ, ಕೇಳಿಸಲೇ ಇಲ್ಲವೆಂಬಂತೆ ಪೇಪರಿನ ಪುಟ ತಿರುಗಿಸುತ್ತೇವೆ. ಆದರೆ ಗಾಡಿ ಓಡಿಸಲು ಬರುವುದಿಲ್ಲ ಎಂದು ಮಾತ್ರ ಅನ್ನಬಾರದು. ಹಾಗೆಂದವರ ಮನೆಯಲ್ಲಿ ನಾವು ಮತ್ತೆ ನೀರು ಕುಡಿಯುವುದಿಲ್ಲ. ನನಗೆ ಆ ಮಾತನ್ನು ಹೇಳಿದ್ದು ನ್ಯೂಜಿಲೆಂಡ್ ದೇಶ. ಬಾಯಲ್ಲಿ ಹೇಳಿದ್ದರೆ ಜಗಳಕ್ಕಾದರೂ ಹೋಗಬಹುದಿತ್ತು. ಕಾಗದದ ಮೇಲೆ ಬರೆದು, ಮುಗುಳ್ನಕ್ಕು, ಕೈಗೆ ಕೊಟ್ಟರು. ನಲ್ಲಿಯಲ್ಲಿ ಬರುತ್ತಿದ್ದುದೂ ಅವರದೇ ದೇಶದ ನೀರಾದ್ದರಿಂದ ಕುಡಿಯುವುದನ್ನು ಬಿಡಲಾಗಲಿಲ್ಲ.

ನಾನು ಕೆ.ಆರ್. ನಗರ ತಾಲ್ಲೂಕಿನ ಭೇರ್ಯದವನು. ಗೆಳೆಯ ಮಾದೇಶನ ಜೊತೆ ಪಾಲಿನಲ್ಲಿ ಒಂದು ಗೂಡ್ಸ್ ಗಾಡಿ ಇಟ್ಟುಕೊಂಡು ಇಪ್ಪತ್ತು ವರ್ಷ ಓಡಿಸಿದವನು. ಚುಂಚನಕಟ್ಟೆ ಕಡೆಯ ಭತ್ತ, ಪಿರಿಯಾಪಟ್ಟಣದ ತಂಬಾಕು, ಮದುವೆ ಮನೆಯ ಪಾತ್ರೆ, ಒಮ್ಮೊಮ್ಮೆ ಆ ಪಾತ್ರೆಗಳ ಮೇಲೆಯೇ ಕೂತ ಹೆಣ್ಣಿನ ಕಡೆಯವರು, ಎಲ್ಲವನ್ನೂ ಸಾಗಿಸಿದ್ದೇನೆ. ಹುಣಸೂರಿನಲ್ಲಿ ಲೈಸೆನ್ಸು ಮಾಡಿಸುವಾಗ ಗಾಡಿಯಲ್ಲಿ ಎಂಟು ಹಾಕು ಎಂದರು, ಹಾಕಿದೆ. ಕೇಳಿದ್ದರೆ ಹದಿನೆಂಟೂ ಹಾಕುತ್ತಿದ್ದೆ. ಹೆಂಡತಿ ಮಂಜುಳ ಎಚ್.ಡಿ. ಕೋಟೆ ಕಡೆಯವಳು, ನರ್ಸು. ಇಲ್ಲಿನ ಸಣ್ಣ ಊರೊಂದರ ವೃದ್ಧರ ಆರೈಕೆ ಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿದಾಗ, ಗಾಡಿಯ ನನ್ನ ಪಾಲನ್ನು ಮಾದೇಶನಿಗೇ ಬಿಟ್ಟು ಅವಳ ಹಿಂದೆ ವಿಮಾನ ಹತ್ತಿದೆ. ಬಂದು ಹೆಚ್ಚೂಕಡಿಮೆ ಒಂದು ವರ್ಷ ಅನ್ನ ಸಾರು ಮಾಡಿಕೊಂಡು, ಬಟ್ಟೆ ಮಡಚಿಕೊಂಡು ಮನೆಯಲ್ಲಿದ್ದೆ. ಕೆಲಸ ತಪ್ಪೆಂದಲ್ಲ. ಆದರೆ ಊರಿಂದ ಫೋನು ಬಂದು "ಈಗ ಏನ್ ಮಾಡ್ತಾ ಇದ್ದೀಯಪ್ಪ?" ಎಂದು ಕೇಳಿದಾಗಲೆಲ್ಲ, ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ, "ನೋಡ್ತಾ ಇದ್ದೀನಿ" ಎನ್ನುತ್ತಿದ್ದೆ. ನೋಡುತ್ತಿದ್ದುದು ಸಾರನ್ನೇ ಆದ್ದರಿಂದ ಸುಳ್ಳೇನೂ ಆಗುತ್ತಿರಲಿಲ್ಲ.

ಹೀಗಿರುವಾಗ ಮಂಜುಳಳ ಆರೈಕೆ ಮನೆಯಲ್ಲಿ ತರಕಾರಿ, ಔಷಧಿ, ಒಗೆದ ಬಟ್ಟೆ ಸಾಗಿಸುವ ವ್ಯಾನಿನ ಡ್ರೈವರು ನಿವೃತ್ತರಾಗುವ ಸುದ್ದಿ ಬಂತು. ಅಲ್ಲಿನ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ತಿಂಗಳ ಕೊನೆಯೊಳಗೆ ಈ ದೇಶದ ಲೈಸೆನ್ಸು ತಂದರೆ ಕೆಲಸ ನಿನ್ನದೇ, ಅಲ್ಲಿಯವರೆಗೆ ಬೇರೆ ಯಾರನ್ನೂ ಕರೆಯುವುದಿಲ್ಲ ಎಂದಳು. ನನಗೆ ಹೋದ ಜೀವ ಬಂದಂತಾಯಿತು. ಗೂಡ್ಸ್ ಗಾಡಿ! ಇಡೀ ದೇಶದಲ್ಲಿ ನನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ. ಮಂಜುಳ ಬಂದ ಮೂರನೇ ತಿಂಗಳಿಗೇ, ಒಂದೇ ಏಟಿಗೆ ಇಲ್ಲಿನ ಪರೀಕ್ಷೆ ಪಾಸು ಮಾಡಿದ್ದಳು. ಅವಳಿಗೆ ಕೆ.ಆರ್. ನಗರದ ಹೊರಗಿನ ಬಯಲಿನಲ್ಲಿ ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ಹೇಳಿಕೊಟ್ಟವನೇ ನಾನು, "ನಿನ್ನ ಕೈಲಿ ಆಗಲ್ಲ ಬುಡು" ಎಂದು ಎರಡನೇ ದಿನಕ್ಕೆ ಕೈಬಿಟ್ಟವನೂ ನಾನೇ. ಅಂಥವಳೇ ಪಾಸಾದ ಮೇಲೆ ನನಗೇನು ಭಯ? ಪರೀಕ್ಷೆಯ ಪುಸ್ತಕವನ್ನು ಅವಳು ಮೇಜಿನ ಮೇಲೆ ತಂದಿಟ್ಟಳು. ಅದರ ಮೇಲೆ ನಾನು ಬಿಸಿ ಪಾತ್ರೆ ಇಟ್ಟೆ. ಹಾಳೆಗಳು ದಪ್ಪಗಿದ್ದುದರಿಂದ ಮೇಜಿಗೆ ಕಲೆಯಾಗಲಿಲ್ಲ.

ಪರೀಕ್ಷೆಯ ದಿನ ಪಕ್ಕದಲ್ಲಿ ಕೂತವರು ಕನ್ನಡಕದ, ಮೆಲುದನಿಯ ಒಬ್ಬ ಹೆಂಗಸು. ಊರು ದಾಟುತ್ತಿದ್ದಂತೆ, "ಈಗಿನಿಂದ ನಿಮಗೆ ಕಂಡ ಹ್ಯಾಜರ್ಡುಗಳನ್ನು ಹೇಳುತ್ತಾ ಹೋಗಿ" ಎಂದರು. ನಮ್ಮ ಕಡೆ ಹ್ಯಾಜರ್ಡು ಎಂದರೆ ಒಂದೇ ಅರ್ಥ: ಡ್ಯಾಶ್‌ಬೋರ್ಡಿನಲ್ಲಿರುವ ಕೆಂಪು ತ್ರಿಕೋನದ ಗುಂಡಿ. ಸರ್ಕಲ್ಲಿಗೆ ಬಂದಾಗ ಎಡಕ್ಕೂ ಹೋಗುವುದಿಲ್ಲ ಬಲಕ್ಕೂ ಹೋಗುವುದಿಲ್ಲ, ನೆಟ್ಟಗೆ ಹೋಗುತ್ತೇನೆ ಎಂದು ಜಗತ್ತಿಗೆ ಸಾರಲು ಅದನ್ನು ಒತ್ತುತ್ತೇವೆ, ನಾಲ್ಕೂ ಲೈಟು ಮಿಣುಕುತ್ತವೆ. ರಸ್ತೆ ನೆಟ್ಟಗೇ ಇತ್ತು. ಒತ್ತಿದೆ. ಆಯಮ್ಮ ನನ್ನ ಮುಖ ನೋಡಿ, ಮಿಣುಕುವ ದೀಪ ನೋಡಿ, ಅಪಾಯ ಎಲ್ಲಿದೆ ಎಂದು ಹೇಳಬೇಕು ಎಂದು ಬಿಡಿಸಿ ಹೇಳಿದರು. ನಾನು ಎದುರಿಗೆ ನೋಡಿದೆ. ಹಾಸಿದ ಚಾಪೆಯಂಥ ರಸ್ತೆ. ಎಮ್ಮೆಯಿಲ್ಲ, ರೋಡ್ ಹಂಪಿಲ್ಲ, ಕಬ್ಬು ತುಂಬಿ ತೂಗಾಡುವ ಟ್ರಾಕ್ಟರಿಲ್ಲ, ಮೂವರನ್ನು ಕೂರಿಸಿಕೊಂಡು ಎದುರಿಗೆ ನುಗ್ಗುವ ಬೈಕಿಲ್ಲ. ದೂರದಲ್ಲಿ ಒಬ್ಬ ಸೈಕಲ್ಲಿನವನು ತಲೆಗೆ ಟೋಪಿ ಹಾಕಿಕೊಂಡು ತನ್ನ ಪಾಡಿಗೆ ಅಂಚಿನಲ್ಲಿ ಹೋಗುತ್ತಿದ್ದ. ಅವನನ್ನು ಅಪಾಯವೆಂದರೆ ಪಾಪ ಬರುತ್ತದೆ. "ಏನೂ ಇಲ್ಲ ಮೇಡಂ, ನೀವು ನಿಶ್ಚಿಂತೆಯಾಗಿ ಕೂತಿರಿ" ಎಂದು ಧೈರ್ಯ ತುಂಬಿದೆ. ಅವರು ಏನೋ ಬರೆದುಕೊಂಡರು.

ಅಷ್ಟರಲ್ಲಿ ಬಂತು ನೋಡಿ, ನನ್ನ ಗ್ರಹಚಾರ. ಯಾವುದೋ ಜಮೀನಿನ ಗೇಟಿನ ಮುಂದೆ ಒಣಹುಲ್ಲಿನ ಹೊರೆಯೊಂದು ಬಿದ್ದು ಬಿಚ್ಚಿಕೊಂಡು, ರಸ್ತೆಯ ಅರ್ಧಕ್ಕೆ ಹರಡಿತ್ತು. ಗೇಟಿನ ಹತ್ತಿರ ಒಬ್ಬ ರೈತ ನಿಂತಿದ್ದ. ಪಕ್ಕದಲ್ಲಿ ಹೋಗಲು ಬೇಕಾದಷ್ಟು ಜಾಗವಿತ್ತು. ನಾನು ಅವನ ಕಡೆ ನೋಡಿ ತಲೆಯಾಡಿಸಿದೆ, ವೇಗ ಇಳಿಸಿದೆ, ಸ್ಟಿಯರಿಂಗ್ ತಿರುಗಿಸಿ ನಾಲ್ಕೂ ಚಕ್ರವನ್ನು ನೀಟಾಗಿ ಹುಲ್ಲಿನ ಮೇಲೆಯೇ ಹತ್ತಿಸಿದೆ. ಅಂಚಿನಲ್ಲಿ ಸ್ವಲ್ಪ ಉಳಿಯಿತಲ್ಲ ಎಂದು ಬೇಜಾರೂ ಆಯಿತು. ಪಕ್ಕದಿಂದ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ಗಾಡಿ ನಿಲ್ಲಿಸಲು ಹೇಳಿದರು. "ಅದರ ಅಡಿಯಲ್ಲಿ ಏನಿದೆ ಎಂದು ನಿಮಗೆ ಗೊತ್ತಿತ್ತೇ?" ಎಂದು ಕೇಳಿದರು.

ಅಡಿಯಲ್ಲಿ ಏನಿರುತ್ತದೆ? ಕಾಳಿರುತ್ತದೆ! ನಮ್ಮ ಭೇರ್ಯ ರಸ್ತೆಯಲ್ಲಿ ಸುಗ್ಗಿ ಬಂತೆಂದರೆ ಟಾರಿನ ಮೇಲೆಲ್ಲ ಹುರುಳಿ ಗಿಡ, ರಾಗಿ ತೆನೆ. ಈಗ ಕಣ ಮಾಡಿ ಸಾರಿಸುವವರು ಯಾರು, ಕಲ್ಲಿನ ಗುಂಡು ಕಟ್ಟಿ ಎತ್ತು ತಿರುಗಿಸುವವರು ಯಾರು? ರಸ್ತೆಗೆ ಹರಡಿದರೆ ಬಸ್ಸು ಲಾರಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಪೊಲೀಸರು ಬೇಡವೆನ್ನುತ್ತಾರೆ, ಬೈಕಿನವರು ಜಾರಿ ಬೀಳುತ್ತಾರೆ, ನಾನೇನೂ ಅದನ್ನು ಸರಿಯೆನ್ನುತ್ತಿಲ್ಲ. ಆದರೆ ಪಕ್ಕದಲ್ಲಿ ನುಣುಚಿಕೊಂಡು ಹೋದರೆ, ಮೊರ ಹಿಡಿದು ನಿಂತ ಹೆಂಗಸರು ಸುಮ್ಮನೆ ಬಿಡುತ್ತಾರೆಯೇ? "ಮೇಲಕ್ಕೆ ಅತ್ತಿಸ್ಲಾ! ನಿನ್ ಗಾಡಿ ಏನ್ ಸವ್ದೋಯ್ತದಾ?" ಎಂದು ಕೂಗುತ್ತಾರೆ. ಇಪ್ಪತ್ತು ವರ್ಷ ಹುರುಳಿ ತುಳಿಸಿ ಪಳಗಿದ ಕೈ. ರಸ್ತೆಯ ಮೇಲೆ ಸೊಪ್ಪು ಸದೆ ಕಂಡರೆ ನಾನು ಯೋಚಿಸುವುದಕ್ಕೆ ಮೊದಲೇ ಅದು ಸ್ಟಿಯರಿಂಗ್ ತಿರುಗಿಸಿಬಿಡುತ್ತದೆ. ಇದನ್ನೆಲ್ಲ ನನಗೆ ಬರುವ ಇಂಗ್ಲಿಷಿನಲ್ಲಿ ಆಯಮ್ಮನಿಗೆ ವಿವರಿಸಿದೆ. ರೈತನಿಗೆ ಸಹಾಯ ಮಾಡಿದೆ ಎಂದೆ. ಅವರು ತಾಳ್ಮೆಯಿಂದ ಕೇಳಿ, ತುಂಬ ಸ್ವಾರಸ್ಯವಾಗಿದೆ ಎಂದು ಹೇಳಿ, ಫೇಲು ಮಾಡಿದರು.

ಮನೆಗೆ ಬಂದು ಹೇಳಿದಾಗ ಮಂಜುಳ ಮೊದಲು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ನನ್ನ ಮುಖ ನೋಡಿ ಕ್ಯಾಲೆಂಡರ್ ತೆಗೆದಳು. ತಿಂಗಳ ಕೊನೆಗೆ ಒಂಬತ್ತೇ ದಿನ ಉಳಿದಿತ್ತು, ಇನ್ನೊಂದು ಪರೀಕ್ಷೆಗೆ ಮಾತ್ರ ಅವಕಾಶ. "ರೀ, ನಿಮಗೆ ಓಡ್ಸೋಕೆ ಬರಲ್ಲ ಅಂತ ಅವರು ಹೇಳ್ತಿಲ್ಲ. ನೋಡಿದ್ದನ್ನ ಬಾಯ್ಬಿಟ್ಟು ಹೇಳ್ದೆ ಇದ್ರೆ ನೋಡೇ ಇಲ್ಲ ಅಂತ ಲೆಕ್ಕ ಕಣ್ರೀ. ನಾವು ವಾರ್ಡಲ್ಲಿ ಹಂಗೇ ಅಲ್ವಾ, ಪೇಷಂಟು ಮಗ್ಗುಲು ಬದಲಾಯಿಸಿದ್ರೂ ಬರೆದಿಡ್ತೀವಿ" ಎಂದಳು. ಎರಡು ದಿನ ಪಕ್ಕದಲ್ಲಿ ಕೂತು ಅಭ್ಯಾಸ ಮಾಡಿಸಿದಳು. ಅಂದು ನಾನು ಅವಳನ್ನು ಬಿಟ್ಟಂತೆ ಅವಳು ನನ್ನನ್ನು ಕೈಬಿಡಲಿಲ್ಲ. ಆದರೂ ನನ್ನ ಬಾಯಿಂದ ಮಾತು ಹೊರಡದು. ಗಂಡಸು ಗಾಡಿ ಓಡಿಸುವಾಗ ದಾರಿಯಲ್ಲಿ ಕಂಡದ್ದನ್ನೆಲ್ಲ ಒದರುವುದೆಂದರೆ ಏನೋ ನಾಚಿಕೆ. ಕೆಲಸ ಕೈಬಿಟ್ಟು ಹೋಗುತ್ತದೆ, ಉಳಿದ ಆಯುಷ್ಯವೆಲ್ಲ ಬಟ್ಟೆ ಮಡಚುವುದೇ ಗತಿ ಎಂದು ನಿಜವಾಗಿಯೂ ಹೆದರಿಬಿಟ್ಟೆ.

ಕೊನೆಗೆ ಮಾದೇಶನಿಗೆ ಫೋನು ಮಾಡಿದೆ. ಅವನು ಮೊದಲು ಗಟ್ಟಿಯಾಗಿ ಉಗಿದ. "ಇಪ್ಪತ್ತು ವರ್ಸ ಓಡ್ಸಿ ಪೇಲಾದಾ? ಇದ್ನ ಯಾರ್ಗೂ ಯೋಳ್ಬ್ಯಾಡ ಕಣ್ಲಾ, ನಮ್ ಗಾಡಿಗೆ ಬಾಡ್ಗೆ ಬರಕಿಲ್ಲ" ಎಂದ. ಆಮೇಲೆ ಪೂರ್ತಿ ಕಥೆ ಕೇಳಿ, "ಅಂಗಾದ್ರೆ ಅದ್ರಲ್ಲಿ ಕಷ್ಟ ಏನೈತ್ಲಾ? ನಿಮ್ಮವ್ವ ಗಾಡಿ ಅತ್ತುದ್ರೆ ಏನ್ ಮಾಡ್ತಿತ್ತು? ಅದ್ನೇ ಮಾಡು" ಎಂದುಬಿಟ್ಟ.

ನಮ್ಮವ್ವ! ಅವ್ವ ಭೇರ್ಯದಲ್ಲಿ ಅಣ್ಣನ ಮನೆಯಲ್ಲಿ, ನಾಲ್ಕು ಮೊಮ್ಮಕ್ಕಳ ಮೇಲೆ ಅಧಿಕಾರ ನಡೆಸಿಕೊಂಡು ಗಟ್ಟಿಮುಟ್ಟಾಗಿದ್ದಾಳೆ. ಗಾಡಿಯ ಮುಂದಿನ ಸೀಟಿನಲ್ಲಿ ಕೂತಳೆಂದರೆ ಹುಣಸೂರು ಮುಟ್ಟುವ ತನಕ ಅವಳ ಬಾಯಿಗೆ ಬಿಡುವಿಲ್ಲ. "ಎಮ್ಮೆ ಬತ್ತಾ ಅದೆ ಕಣ್ ಮೊಗ. ಅಗೋ ಗುಂಡಿ. ಆ ಐಕ್ಳು ಚೆಂಡಾಡ್ತಾವೆ, ಓಡ್ಬಂದಾವು. ಆವಯ್ಯ ಕುಡ್ದವ್ನೆ, ನೆಟ್ಟುಗ್ ನಡೀತಿಲ್ಲ. ವಸಿ ನಿಧಾನ್ಕೋಗು." ನನಗೋ ಮೈಯೆಲ್ಲ ಉರಿ. "ಅವ್ವಾ, ನಂಗೂ ಕಣ್ಣವೆ, ಸುಮ್ಕೆ ಕುಂತ್ಕೊ" ಎನ್ನುತ್ತಿದ್ದೆ. ಒಮ್ಮೆ, ಇನ್ನೊಂದು ಮಾತಾಡಿದರೆ ಹಿಂದೆ ಮೂಟೆಗಳ ಮೇಲೆ ಕೂರಿಸುತ್ತೇನೆ ಎಂದೂ ಅಂದಿದ್ದೆ. ಅವತ್ತು ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಊರು ಬರುವ ತನಕ ಮಾತಾಡಲಿಲ್ಲ. ನನ್ನ ಇಪ್ಪತ್ತು ವರ್ಷದಲ್ಲಿ ಒಂದು ಕೋಳಿಯೂ ಚಕ್ರಕ್ಕೆ ಸಿಗಲಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತೇನಲ್ಲ, ಅದರಲ್ಲಿ ಎಷ್ಟು ಕೋಳಿಗಳು ಅವ್ವನ ಬಾಯಿಂದ ಉಳಿದವೋ ಯಾರು ಬಲ್ಲರು?

ಎರಡನೇ ಪರೀಕ್ಷೆಗೆ ಅದೇ ಆಯಮ್ಮನೇ ಬಂದು ಕೂತರು. ಬೆಲ್ಟು ಎರಡು ಸಲ ಎಳೆದು ನೋಡಿಕೊಂಡರು. ನಾನು ಮನಸ್ಸಿನಲ್ಲೇ ತಲೆಯ ಮೇಲೆ ಸೆರಗು ಹೊದ್ದು ಬಾಯಿ ತೆರೆದೆ. ಮೊದಲ ಮಾತು ಕನ್ನಡದಲ್ಲೇ ಬಂತು, "ಅಯ್ಯೋ ಮೊಗ, ನಾಯಿ!" ಆಮೇಲೆ ಇಂಗ್ಲಿಷು ತಾನಾಗಿ ಹಿಂದೆ ಬಂತು. ಆ ಮುದುಕಪ್ಪನ ನಾಯಿ ದಾರವನ್ನು ಎಳೆಯುತ್ತಿದೆ, ಬೆಕ್ಕು ಕಂಡರೆ ಬಿಡುವುದಿಲ್ಲ ಎಂದೆ. ನಿಂತ ಕಾರಿನಲ್ಲಿ ಗಂಡ ಹೆಂಡತಿ ಜಗಳವಾಡುತ್ತಿದ್ದಾರೆ, ಯಾರಾದರೂ ಒಬ್ಬರು ಸಿಟ್ಟಿನಲ್ಲಿ ಬಾಗಿಲು ತೆಗೆದು ಇಳಿಯುತ್ತಾರೆ ಎಂದೆ. ಮಗುವಿನ ಗಾಡಿ ತಳ್ಳುವವಳ ಕಣ್ಣು ಫೋನಿನ ಮೇಲಿದೆ, ಪಾಪ, ನಿದ್ದೆಗೆಟ್ಟಿರಬೇಕು ಎಂದೆ. ಈ ಸಲವೂ ಸಿಕ್ಕ ಟೋಪಿಯ ಸೈಕಲ್ಲಿನವನನ್ನೂ ಬಿಡಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯುವುದನ್ನೂ, ಮುಂದಿನ ಟ್ರಕ್ಕಿನ ಹಗ್ಗ ಸಡಿಲವಾಗಿರುವುದನ್ನೂ ಹೇಳಿದೆ. "ಸಾಕು, ಆ ಭಾಗ ಮುಗಿಯಿತು" ಎಂದರು ಆಯಮ್ಮ. ನಾನು ನಿಲ್ಲಿಸಲಿಲ್ಲ, ನಿಲ್ಲಿಸಲು ಆಗಲೂ ಇಲ್ಲ. ಕಚೇರಿಗೆ ವಾಪಸು ಬಂದು ಗಾಡಿ ನಿಲ್ಲಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇಷ್ಟು ವರ್ಷದಲ್ಲಿ ಇಷ್ಟೊಂದು ಕಂಡವರು ಯಾರೂ ಇಲ್ಲ, ನಿಮಗೆ ಯಾರು ಕಲಿಸಿದರು ಎಂದು ಕೇಳಿದರು. ನಮ್ಮ ತಾಯಿ ಎಂದೆ. ತಾಯಿ ಯಾವಾಗಿನಿಂದ ಗಾಡಿ ಓಡಿಸುತ್ತಾರೆ ಎಂದರು. ಸೈಕಲ್ಲನ್ನೂ ಓಡಿಸಿಲ್ಲ ಎಂದೆ. ಪಾಸು ಎಂದು ಬರೆದುಕೊಟ್ಟರು.

ಕಾಗದ ಕೈಯಲ್ಲಿ ಹಿಡಿದು ಅಲ್ಲೇ ಬೆಂಚಿನ ಮೇಲೆ ಕೂತು ಮೊದಲು ಮಂಜುಳಳಿಗೆ ಹೇಳಿದೆ, ಆಮೇಲೆ ಅವ್ವನಿಗೆ ಫೋನು ಹಚ್ಚಿದೆ. ಇಪ್ಪತ್ತು ವರ್ಷದ ತಪ್ಪೊಪ್ಪಿಗೆಯನ್ನು ಒಂದೇ ಉಸಿರಿಗೆ ಮುಗಿಸಬೇಕೆಂದು, "ಅವ್ವಾ, ಪಾಸಾದೆ ಕಣವ್ವ. ನಿನ್ನಿಂದ್ಲೇ ಪಾಸಾದೆ. ದಾರಿಯುದ್ದಕ್ಕೂ ನಿನ್ನಂಗೇ ಮಾತಾಡ್ಕಂಡು ಓಡುಸ್ದೆ. ಅದ್ಕೇ ಲೈಸೆನ್ಸ್ ಕೊಟ್ರು" ಎಂದೆ. ಆ ಕಡೆಯಿಂದ ಮೂಗೆಳೆದ ಸದ್ದು ಕೇಳಿಸಿತು. ಅಳುತ್ತಿದ್ದಾಳೆ ಎಂದುಕೊಂಡೆ.

"ಗಾಡಿ ಓಡುಸ್ತಾ ಮಾತಾಡ್ದಾ?" ಎಂದಳು ಅವ್ವ. "ಅದ್ಯಾವ ಬುದ್ಧಿಗೆಟ್ಟೋರ್ಲಾ ನಿಂಗೆ ಲೈಸೆನ್ಸ್ ಕೊಟ್ಟೋರು? ಮಾತಾಡಾಕೆ ಪಕ್ದಲ್ ಕುಂತೋರ್ ಇರಕಿಲ್ವಾ? ನೀನು ಬಾಯ್ ಮುಚ್ಕಂಡು ರಸ್ತೆ ನೋಡ್ಕಂಡು ಓಡ್ಸು!"

ಹೂಂ ಅವ್ವಾ ಎಂದೆ. ಎದುರು ಮಾತಾಡದೆ ಅವಳಿಗೆ ಹೂಂ ಎಂದದ್ದು ಅದೇ ಮೊದಲಿರಬೇಕು. ಸೋಮವಾರ ಬೆಳಿಗ್ಗೆ ಆರೈಕೆ ಮನೆಯ ವ್ಯಾನು ಹತ್ತಿ, ಹಿಂದೆ ಒಗೆದ ಬಟ್ಟೆಯ ಗಂಟುಗಳನ್ನು ತುಂಬಿಕೊಂಡು ಹೊರಟೆ. ಅವ್ವನಿಗೆ ಕೊಟ್ಟ ಮಾತು ನೋಡಿ, ಮೊದಲನೆಯ ತಿರುವು ಬರುವ ತನಕ ಬಾಯಿ ಬಿಡಲೇ ಇಲ್ಲ.