ಹನ್ನೊಂದು ಯೂನಿಟ್ಟಿನ ಮನೆ

ಶಹಾಬಾದ ಪಟ್ಟಣದ ಹಳೇ ಪೇಟೆಯಲ್ಲಿರುವ ಮನೆ ಸಂಖ್ಯೆ 4-117 ಬೇಸಿಗೆಯಲ್ಲಿ ಯಾವುದೇ ಅನುಮತಿ ಪಡೆಯದೆ ತಂಪಾಗಿರುತ್ತಿತ್ತು ಎಂಬುದು ಸ್ಥಳ ತನಿಖೆಯಿಂದ ದೃಢಪಟ್ಟಿದೆ. ಈ ಬಗ್ಗೆ ಕೈಗೊಂಡ ಕ್ರಮಗಳ ವಿವರವನ್ನು ಗೃಹ ವಿದ್ಯುತ್ ಮಿತವ್ಯಯ ಘಟಕದ ದ್ವಿತೀಯ ದರ್ಜೆ ಸಹಾಯಕನಾದ ಕಾಶೀನಾಥ ಎಂಬ ನಾನು ಇಲ್ಲಿ ಬರೆಯುತ್ತಿದ್ದೇನೆ. ಮೇಲಿನವರು ಯಾರೂ ಕೇಳಿಲ್ಲ. ಆದರೂ ಹೊಟ್ಟೆಯೊಳಗೆ ಇಟ್ಟುಕೊಂಡು ನನಗೆ ಸಾಕಾಗಿದೆ.

ನಮ್ಮ ಘಟಕ ಹುಟ್ಟಿದ್ದೇ ಜನರ ಮನೆಗಳಲ್ಲಿ ಕರೆಂಟು ಉಳಿಸಲು. ಪ್ರತಿ ಮನೆಯೂ ತಿಂಗಳಿಗೆ ಕನಿಷ್ಠ ಅರವತ್ತು ಯೂನಿಟ್ ಉಳಿಸಿ ತೋರಿಸಬೇಕು. ತೋರಿಸಿದ ಮನೆಗೆ ‘ದಕ್ಷ ಗೃಹ’ ಎಂಬ ಹಸಿರು ಫಲಕ. ತೋರಿಸದ ಮನೆಯನ್ನು ನಿಯಮ 9(ಕ)ರ ಪ್ರಕಾರ ಘಟಕವೇ ವಶಕ್ಕೆ ಪಡೆದು ಸುಧಾರಿಸುತ್ತದೆ. ಮೊದಲ ಫಲಕ ವಾಡಿ ಪಟ್ಟಣದ ಗುತ್ತಿಗೆದಾರರೊಬ್ಬರಿಗೆ ಹೋಯಿತು. ಅವರ ಮನೆಯಲ್ಲಿ ಐದು ಎಸಿ ಇದ್ದವು, ಅವುಗಳಲ್ಲಿ ಒಂದನ್ನು ಅವರು ಬಂದ್ ಮಾಡಿದ್ದರು. ಅದು ನಾಯಿ ಮಲಗುವ ಕೋಣೆಯದು. ಶಾಲು ಹೊದಿಸಿದಾಗ ಅವರು ತ್ಯಾಗದ ಬಗ್ಗೆ ಹತ್ತು ನಿಮಿಷ ಮಾತಾಡಿದರು, ನಾನೂ ಚಪ್ಪಾಳೆ ಹೊಡೆದೆ.

ಮನೆ ಸಂಖ್ಯೆ 4-117ರಲ್ಲಿ ಅಖ್ತರ ಬೇಗಂ ಮತ್ತು ಅವರ ಗಂಡ ಮಶಾಕ ಇರುತ್ತಿದ್ದರು. ಮಶಾಕ ಅವರು ಮೂವತ್ತೆಂಟು ವರ್ಷ ಫರಸಿ ಕಲ್ಲಿನ ಗಣಿಯಲ್ಲಿ ದುಡಿದವರು. ಕಲ್ಲಿನ ಪುಡಿ ಎದೆಯಲ್ಲಿ ಕೂತುಬಿಟ್ಟಿದೆ, ಬಿಸಿಲು ತಾಗಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಇವರನ್ನು ಸೆಕೆಯಲ್ಲಿ ಇಡಬೇಡಿ, ಇಟ್ಟರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಈ ಮನೆಯಲ್ಲಿ ಗಂಡ ಹೆಂಡತಿಗೆ ಆ ಚಿಂತೆ ಇರಲಿಲ್ಲ. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಫರಸಿಯ ಮಾಳಿಗೆ, ಅದರ ಮೇಲೆ ಮೊಣಕೈಯುದ್ದ ಮಣ್ಣು.

ಸಮೀಕ್ಷೆಗೆ ಹೋದವರು ನಮ್ಮ ಕಿರಿಯ ಎಂಜಿನಿಯರ್ ದಾನೇಶ್ವರಿ. ಕಾಗದ ಹಿಡಿಯಲು ನಾನಿದ್ದೆ. ಆಕೆ ಮೀಟರು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

“ಚಾಚಿ, ತಿಂಗಳಿಗಿ ಹನ್ನೊಂದೇ ಯೂನಿಟ್ ಏನ್ರಿ?”

“ಒಂದು ಬಲ್ಬ್ ಅದ ಬೇಟಿ, ಒಂದು ಫ್ಯಾನ್ ಅದ. ಫ್ಯಾನ್ ಭಾಳ ಹೊತ್ತು ಹಚ್ಚಿದ್ರ ನಮ್ಮೋರಿಗಿ ಥಂಡಿ ಆಗ್ತದ,” ಎಂದರು ಅಖ್ತರ ಬೇಗಂ.

“ಹಂಗಂದ್ರ ಅರವತ್ತು ಯೂನಿಟ್ ಹ್ಯಾಂಗ ಉಳಸ್ತೀರಿ?”

“ಹನ್ನೊಂದರಾಗ ಅರವತ್ತು ಹ್ಯಾಂಗ ಉಳೀತದ, ನೀನೇ ಹೇಳು.”

ದಾನೇಶ್ವರಿ ಒಳ್ಳೆಯ ಹುಡುಗಿ. ಜನರಿಗೆ ದಾರಿ ತೋರಿಸದೆ ಎದ್ದು ಬರುವವಳಲ್ಲ. “ಒಂದು ಕೆಲಸ ಮಾಡ್ರಿ ಚಾಚಿ. ಎರಡು ಎಸಿ ತರ್ರಿ. ಎರಡು ತಿಂಗಳ ಬಿಡಲಾರದ ಹಚ್ರಿ. ಆಮ್ಯಾಲ ಬಂದ್ ಮಾಡ್ರಿ. ಸೀದಾ ಫಲಕ ಬರ್ತದ.”

“ಎಸಿ ಯಾಕ ಬೇಕವ್ವಾ? ಮನಿ ತಣ್ಣಗೇ ಅದಲ್ಲ.”

“ತಣ್ಣಗಿರೋದಕ್ಕ ಫಾರ್ಮಿನಾಗ ಜಾಗಾ ಇಲ್ರಿ.”

ಮಂಚದ ಮೇಲಿಂದ ಮಶಾಕ ಅವರು, “ಗ್ವಾಡಿ ನಾನೇ ಕಟ್ಟೀನ್ರಿ, ಅದನ್ನರೆ ಬರಕೋರಿ,” ಎಂದರು. ಫಾರ್ಮಿನಲ್ಲಿ ಶಾಖ ತಡೆಯುವ ವಸ್ತುವಿನ ಕಾಲಂ ಇತ್ತು. ಅದರಲ್ಲಿ ಥರ್ಮೋಕೋಲ್ ಇತ್ತು, ಫೋಮ್ ಇತ್ತು. ಕಲ್ಲು ಮಣ್ಣು ಇರಲಿಲ್ಲ. ದಾನೇಶ್ವರಿ ಎಂಬ ಆ ಒಳ್ಳೆಯ ಹುಡುಗಿ ಅಲ್ಲಿ ‘ಏನೂ ಇಲ್ಲ’ ಎಂದು ಬರೆದಳು.

ವರದಿಯನ್ನು ಖಚಿತಪಡಿಸಲು ನಮ್ಮ ಸಹಾಯಕ ನಿರ್ದೇಶಕರಾದ ಬಸವಂತರಾಯ ಸಾಹೇಬರು ಖುದ್ದಾಗಿ ಬಂದರು. ಮೇ ತಿಂಗಳ ಮಟಮಟ ಮಧ್ಯಾಹ್ನ. ನಮ್ಮ ಕಚೇರಿ ಹೊಸ ಕಟ್ಟಡ, ಮುಂಭಾಗವೆಲ್ಲ ಗಾಜು. ಕರೆಂಟು ಹೋದಾಗ ಅದರೊಳಗೆ ಕೂತವರು ಬೇಯುತ್ತಾರೆ, ಮತ್ತು ಆ ದಿನ ಕರೆಂಟು ಹೋಗಿತ್ತು. ಸಾಹೇಬರ ಥರ್ಮಾಮೀಟರು ಈ ಮನೆಯ ಅಂಗಳದಲ್ಲಿ ನಲವತ್ನಾಲ್ಕು ತೋರಿಸಿತು, ಪಡಸಾಲೆಯಲ್ಲಿ ಮೂವತ್ತೊಂದು. ಸಾಹೇಬರು ‘ಉಪಕರಣ ದೋಷ’ ಎಂದು ಬರೆಸಿದರು. ಆಮೇಲೆ ಬೂಟು ಬಿಚ್ಚಿ ನೆಲದ ಮೇಲೆ ಕೂತರು, ಗೋಡೆಗೆ ಬೆನ್ನು ಹಚ್ಚಿದರು, ಐದು ನಿಮಿಷ ಕಣ್ಣು ಮುಚ್ಚಿ ಪರಿಶೀಲಿಸುತ್ತೇನೆ ಎಂದರು. ಆ ಐದು ನಿಮಿಷ ಸಂಜೆ ಐದಕ್ಕೆ ಮುಗಿಯಿತು.

ಮರುದಿನ ಮರುಪರಿಶೀಲನೆ. ಅದರ ಮರುದಿನ ಮರುಪರಿಶೀಲನೆಯ ಪರಿಶೀಲನೆ. ನಾಲ್ಕನೆಯ ದಿನ ಲೆಕ್ಕ ಶಾಖೆಯವರು ತಮ್ಮ ಅಭಿಪ್ರಾಯ ಪಡೆದಿಲ್ಲ ಎಂದು ಆಕ್ಷೇಪಿಸಿ ದಿಂಬು ಸಮೇತ ಬಂದರು. ಎಂಟನೆಯ ದಿನ ಆದೇಶ ಹೊರಬಿತ್ತು:

‘ಸದರಿ ಮನೆಯು ಅರವತ್ತು ಯೂನಿಟ್ ಉಳಿಸಲು ಅಗತ್ಯವಾದ ಬಳಕೆಯನ್ನೇ ಹೊಂದಿಲ್ಲದಿರುವುದರಿಂದ ಅದನ್ನು ಅದಕ್ಷ ಗೃಹವೆಂದು ಘೋಷಿಸಿ, ಸುಧಾರಣೆಗಾಗಿ ವಶಕ್ಕೆ ಪಡೆಯಲಾಗಿದೆ. ಸುಧಾರಣೆಯ ಮೇಲ್ವಿಚಾರಣೆಗೆ ಅನುಕೂಲವಾಗುವಂತೆ ಕಚೇರಿಯನ್ನು ಅದೇ ಮನೆಗೆ ಸ್ಥಳಾಂತರಿಸಲಾಗಿದೆ. ನಿವಾಸಿಗಳಿಗೆ ಹಿಂದಿನ ಓಣಿಯಲ್ಲಿ ತಗಡಿನ ಖೋಲಿಯೊಂದನ್ನು ಒದಗಿಸಲಾಗಿದೆ.’

ಆದೇಶ ಟೈಪು ಮಾಡಿದವನು ನಾನು. ಒಂದೂ ತಪ್ಪಿಲ್ಲ ಎಂದು ಸಾಹೇಬರು ಮೆಚ್ಚಿದರು.

ಎರಡು ದಿನ ಕಳೆದು ಅಖ್ತರ ಬೇಗಂ ಅರ್ಜಿ ಕೊಡಲು ಕಚೇರಿಗೆ, ಅಂದರೆ ತಮ್ಮ ಮನೆಗೆ, ಬಂದರು. ಅರ್ಜಿ ತೆಗೆದುಕೊಳ್ಳುವ ಆವಕ ಶಾಖೆ ಅವರ ಅಡುಗೆಮನೆಯಲ್ಲಿತ್ತು. ಅವರು ಹಿಟ್ಟಿನ ಡಬ್ಬಿ ಇಡುತ್ತಿದ್ದ ಗೋಡೆಯ ಮಾಡದಲ್ಲಿ ನನ್ನ ಮೊಹರುಗಳಿದ್ದವು. ಅವರು ಮಾಡವನ್ನೊಮ್ಮೆ ನೋಡಿ ಅರ್ಜಿಯನ್ನು ಮುಂದೆ ಚಾಚಿದರು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಅರ್ಜಿಗೆ ಮೊಹರು ಹಾಕಿ ಅವರನ್ನು ಒಳಗೆ ಸಾಹೇಬರ ಬಳಿ ಕಳಿಸಿದೆ.

“ಸಾಬ್, ಸುಧಾರಣಾ ಯಾವಾಗ ಮುಗೀತದ್ರಿ? ತಗಡಿನ ಕೆಳಗ ನಮ್ಮೋರು ರೊಟ್ಟಿ ಬೆಂದಂಗ ಬೇಯಲಿಕತ್ತಾರ,” ಎಂದರು ಅಖ್ತರ ಬೇಗಂ.

“ಏನು ಸುಧಾರಿಸಬೇಕು ಅಂತ ದಿನಾ ನೋಡಲಿಕತ್ತೀವಿ ಚಾಚಿ. ಏನೂ ಸಿಗವಲ್ತು,” ಎಂದರು ಸಾಹೇಬರು.

“ಏನೂ ಸಿಗಲಿಲ್ಲಂದ್ರ ವಾಪಸ್ ಕೊಡ್ರಿ ಮತ್ತ.”

“ಸಿಗೋತನಕ ವಾಪಸ್ ಹ್ಯಾಂಗ ಕೊಡ್ಲಿಕ್ಕ ಬರ್ತದ?”

ಸಾಹೇಬರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

ಆ ರಾತ್ರಿ ಊಟ ಸೇರಲಿಲ್ಲ ನನಗೆ. ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಕೆಲಸಕ್ಕೆ ಸೇರಿ ಹದಿನೇಳು ವರ್ಷವಾದ ಮೇಲೆ ಇದೇ ಮೊದಲು. ನಿಯಮ 14 ಸಿಕ್ಕಿತು: ಪ್ರತಿ ಕಚೇರಿಯೂ ಸಾರ್ವಜನಿಕರ ತಿಳಿವಳಿಕೆಗಾಗಿ ವಿದ್ಯುತ್ ಉಳಿತಾಯದ ಒಂದು ಪ್ರದರ್ಶನ ವಸ್ತುವನ್ನು ಇಡತಕ್ಕದ್ದು. ವಸ್ತು ಸಜೀವವಾಗಿರಬಾರದು ಎಂದು ಎಲ್ಲಿಯೂ ಹೇಳಿರಲಿಲ್ಲ. ನಾನು ಟಿಪ್ಪಣಿ ಬರೆದೆ. ಪ್ರದರ್ಶನ ವಸ್ತು ಎಲ್ಲಿ ಎಂದು ಮೇಲಿನಿಂದ ಎರಡು ಪತ್ರ ಬಂದಿದ್ದರಿಂದ ಸಾಹೇಬರು ಓದದೆಯೇ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಮಶಾಕ ಅವರು ತಮ್ಮದೇ ಮಂಚದ ಮೇಲೆ ಬಂದು ಮಲಗಿದರು. ತಲೆಯ ಹತ್ತಿರ ಬೋರ್ಡು ನೇತುಹಾಕಿದೆವು: ‘ಪ್ರದರ್ಶನ ಸಂಖ್ಯೆ 1. ವಿದ್ಯುತ್ ಬಳಸದೆ ತಂಪಾಗಿರುವ ನಿವಾಸಿ. ಮುಟ್ಟಬಾರದು.’ ಅವರ ಉಸಿರು ಹತ್ತು ನಿಮಿಷದಲ್ಲಿ ಸಮನಾಯಿತು. ಅಖ್ತರ ಬೇಗಂ ನನ್ನ ತಲೆಯ ಮೇಲೆ ಕೈಯಿಟ್ಟು ದುವಾ ಮಾಡಿದರು. ನಾನು ಉಬ್ಬಿಹೋದೆ.

ಇಲ್ಲೇ ಹುಟ್ಟಿ ಬೆಳೆದ ನಾನು ಒಂದು ಸಂಗತಿಯನ್ನು ಮರೆತಿದ್ದೆ. ನಮ್ಮ ಕಡೆ ಬಿಸಿಲು ಉಗ್ರ. ಆದ್ದರಿಂದ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಚೇರಿ ವೇಳೆ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಮಾತ್ರ. ನೌಕರರ ಆರೋಗ್ಯ ಕಾಪಾಡಲು ಮಾಡಿದ ಒಳ್ಳೆಯ ಏರ್ಪಾಡು. ಒಂದೂವರೆಗೆ ಕಚೇರಿ ಮುಗಿಯಿತು, ಕಚೇರಿಯ ಜೊತೆಗೆ ಪ್ರದರ್ಶನವೂ ಮುಗಿಯಿತು.

“ನಾ ಒಂದು ಮೂಲ್ಯಾಗ ಬಿದ್ದಿರ್ತೀನ್ರಿ ಸಾಬ್. ಬಿಸಲು ಇಳದ ಮ್ಯಾಲ ಹೋಗ್ತೀನಿ,” ಎಂದರು ಮಶಾಕ.

“ಚಾಚಾ, ಟೈಮ್ ಮುಗದ ಮ್ಯಾಲ ಹೊರಗಿನವ್ರು ಒಳಗಿದ್ರ ನಮ್ಮ ಮ್ಯಾಲ ಬರ್ತದ. ಸಮಾಧಾನದಿಂದ ಹೋಗಿ ಬರ್ರಿ,” ಎಂದರು ಸಾಹೇಬರು, ಆ ಮಂಚದ ಮೇಲೆ ತಮ್ಮ ಟವೆಲು ಹಾಸುತ್ತ. ಅಷ್ಟು ಬಿಸಿಲಲ್ಲಿ ಮನೆಗೆ ಹೋಗುವುದು ಸಿಬ್ಬಂದಿಗೆ ಅಪಾಯವಾದ್ದರಿಂದ ನಾವೆಲ್ಲ ಐದರ ತನಕ ಅಲ್ಲೇ ಮಲಗುವುದು ವಾಡಿಕೆಯಾಗಿತ್ತು. ನಾನೂ ಮಲಗಿದ್ದೇನೆ. ಆ ನೆಲದ ಮೇಲೆ ಬಿದ್ದರೆ ನಿದ್ದೆ ತಾನಾಗಿಯೇ ಬರುತ್ತದೆ.

ಹೀಗೆ ಎರಡು ವಾರ ನಡೆಯಿತು. ಓಣಿಯ ಜನ ಮಶಾಕ ಚಾಚಾನಿಗೆ ಈ ವಯಸ್ಸಿನಲ್ಲಿ ಸರ್ಕಾರಿ ನೌಕರಿ ಸಿಕ್ಕಿತು ಎಂದು ಸಂತೋಷಪಟ್ಟರು. ಅವರೂ ಎಂಟಕ್ಕೆ ಐದು ನಿಮಿಷ ಮೊದಲೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಯೇ ಮಲಗುತ್ತಿದ್ದರು.

ಹದಿನೈದನೆಯ ದಿನ ಅವರು ಬರಲಿಲ್ಲ. ಅಖ್ತರ ಬೇಗಂ ಒಬ್ಬರೇ ಬಂದರು.

“ನಿನ್ನಿ ಮಧ್ಯಾಹ್ನದಿಂದ ಉಸುರು ಸಿಳ್ಳು ಹೊಡೀಲಿಕತ್ತದ್ರಿ. ಎದ್ದು ಕುಂದ್ರಲಿಕ್ಕೂ ಆಗವಲ್ತು. ಇವತ್ತ ಬರಲಿಕ್ಕ ಆಗಂಗಿಲ್ಲ ಅಂತ ಸಾಬ್‌ಗ ಹೇಳ್ರಿ. ಗೈರುಹಾಜರಿ ಹಾಕಿ ತೆಗದುಹಾಕಬ್ಯಾಡ್ರಿ ಅವರ್ನ.”

ನಾನೇ ಅರ್ಜಿ ಬರೆದುಕೊಟ್ಟೆ. ನಾವೇ ಹೊತ್ತು ತಂದು ಒಳಗೆ ಮಲಗಿಸೋಣ ಎಂದು ಸಾಹೇಬರಿಗೆ ಹೇಳಿಯೂ ನೋಡಿದೆ. ಕಾಯಿಲೆಯಿರುವ ವಸ್ತುವನ್ನು ಪ್ರದರ್ಶನಕ್ಕೆ ಇಡುವಂತಿಲ್ಲ ಎಂದರು. ಹತ್ತು ನಿಮಿಷದಲ್ಲಿ ಆದೇಶವಾಯಿತು, ನಮ್ಮ ಘಟಕದಲ್ಲಿ ಇಷ್ಟು ಬೇಗ ಯಾವ ಕೆಲಸವೂ ಆಗಿಲ್ಲ: ‘ಅರ್ಜಿದಾರರು ಮೂರು ದಿನಗಳ ಮಟ್ಟಿಗೆ ತಮ್ಮ ಸ್ವಂತ ಮನೆಗೆ ಬಾರದಿರಲು ಅನುಮತಿ ನೀಡಲಾಗಿದೆ.’ ಅಖ್ತರ ಬೇಗಂ ಅದನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಂಡು, “ಭಾಳ ಮೆಹರಬಾನಿ ಆತ್ರಿ,” ಎಂದರು.

ತೊಂದರೆಯೆಂದರೆ, ಅಂದೇ ಸೇಡಂನಿಂದ ಒಂದು ಅಧ್ಯಯನ ತಂಡ ಬರುವುದಿತ್ತು. ಮಂಚ ಖಾಲಿ ಇದ್ದರೆ ಕಚೇರಿಯ ಮರ್ಯಾದೆ ಹೋಗುತ್ತದೆ. ಸಾಹೇಬರು ಅಖ್ತರ ಬೇಗಂ ಅವರ ಕಡೆ ನೋಡಿದರು. ಅವರು ಒಂದು ಸಲ ಹಿಂದಿನ ಓಣಿಯ ಕಡೆ ನೋಡಿ, ಬೋರ್ಡಿನ ಕೆಳಗೆ ಹೋಗಿ ಕೂತರು.

ತಂಡದಲ್ಲಿ ಆರು ಜನರಿದ್ದರು. ಗೋಡೆ ಮುಟ್ಟಿ ನೋಡಿದರು, ಫೋಟೋ ತೆಗೆದರು. ಅವರಲ್ಲಿ ಹಿರಿಯರು ಬಾಗಿ ಕೇಳಿದರು: “ಈ ಮನ್ಯಾಗ ಯಾರ್ ಇರ್ತೀರಮ್ಮ?”

“ಒಂದೂವರಿ ತನಕ ನಾವು ಇರ್ತೀವ್ರಿ. ಬಿಸಲು ಹೆಚ್ಚಾದ ಮ್ಯಾಲ ಸಾಹೇಬ್ರು ಇರ್ತಾರ.”

ಆರೂ ಜನ ಅದನ್ನು ಬರೆದುಕೊಂಡರು. ವ್ಯವಸ್ಥೆ ಅಚ್ಚುಕಟ್ಟಾಗಿದೆ ಎಂದು ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿ, ಊಟಕ್ಕೆ ಹೋದರು.

ಒಂದೂವರೆಗೆ ಅಖ್ತರ ಬೇಗಂ ಎದ್ದು ಬೋರ್ಡನ್ನು ತಾವೇ ತೆಗೆದು ಗೋಡೆಗೆ ಒರಗಿಸಿದರು. ಆವಕ ಶಾಖೆಯ ಮೂಲೆಯಲ್ಲಿ ಅವರದೇ ಮಣ್ಣಿನ ಕೊಡವಿತ್ತು. ಅದರ ಮುಂದೆ ನಿಂತು, ಗಂಡನ ಟವೆಲನ್ನು ಕೈಯಲ್ಲಿ ಹಿಡಿದು, “ಇದೊಂದು ತೊಯ್ಸಿಕೊಳ್ಲೇನ್ರಿ?” ಎಂದು ಕೇಳಿದರು. ತೊಯ್ಸಿಕೊಳ್ರಿ ಎಂದೆ. ಅವರು ಟವೆಲು ಹಿಂಡದೆ, ನೀರು ಸೋರುತ್ತಿದ್ದಂತೆಯೇ ತಲೆಯ ಮೇಲೆ ಸೆರಗೆಳೆದುಕೊಂಡು ಬಿಸಿಲಿಗೆ ಇಳಿದರು. ನಾನು ಪುಸ್ತಕದಲ್ಲಿ ‘ಪ್ರದರ್ಶನ ಸಂಖ್ಯೆ 1, ಹೊರಹೋದ ಸಮಯ ಒಂದು ಮೂವತ್ತು’ ಎಂದು ಬರೆದು, ಬಾಗಿಲು ಮುಚ್ಚಿ, ಚಾಪೆ ಹಾಸಿದೆ.