ನಿವೃತ್ತ ಗರುಡನ ಹೆಸರಿಗೆ ಬಂದ ಲಿಂಕುಗಳು

"ಇನ್ನು ಮೇಲೆ ಈ ಮನೆಯಲ್ಲಿ ತೆರೆಯದ ಲಿಂಕ್ ಅನ್ನೋದೇ ಇರೋದಿಲ್ಲ!" ಎಂದು ಘೋಷಿಸಿ ಪಟ್ಟಾಭಿರಾಮಯ್ಯನವರು ಊಟದ ಮೇಜಿನ ಮೇಲಿದ್ದ ಪೆಟ್ಟಿಗೆಯಿಂದ ಟವೆಲನ್ನು ಸರ್ರನೆ ಎಳೆದರು.

ನೋಡಿದರೆ, ಹಳೇ ಟೆಲಿಫೋನ್ ಎಕ್ಸ್‌ಚೇಂಜಿನ ಸ್ವಿಚ್‌ಬೋರ್ಡು. ಅದರ ತುಂಬ ತೂತು, ತೂತಿನ ತುಂಬ ವೈರು, ನೆತ್ತಿಯ ಮೇಲೊಂದು ಹಸಿರು ದೀಪ. ಉದ್ಘಾಟನೆಯೆಂದು ಅದಕ್ಕೆ ಅರಿಶಿನ ಕುಂಕುಮ ಬೇರೆ ಇಟ್ಟಿದ್ದರು.

ಅವರ ಹೆಂಡತಿ ಲಲಿತಾಂಬ ಚಪ್ಪಾಳೆ ತಟ್ಟಲಿಲ್ಲ, ಗಡಿಯಾರ ನೋಡಿದರು. ಮಧ್ಯಾಹ್ನ ಎರಡು ಗಂಟೆ. ನಾಲ್ಕಕ್ಕೆ ಅವರ ಗಮಕ ಪರೀಕ್ಷೆ, ಅದೂ ಆನ್‌ಲೈನಿನಲ್ಲಿ. ಮೂರು ವರ್ಷ ಒಗ್ಗರಣೆಯ ಮುಂದೆ ನಿಂತು ಷಟ್ಪದಿ ಹಾಡಿ ಹಾಡಿ, ಅರವತ್ತೊಂದನೆಯ ವಯಸ್ಸಿನಲ್ಲಿ ಧೈರ್ಯ ಮಾಡಿ ಕಟ್ಟಿದ ಪರೀಕ್ಷೆ ಅದು. ಪರೀಕ್ಷಕರು ಮೇಲ್‌ನಲ್ಲಿ ಲಿಂಕ್ ಕಳಿಸಿದ್ದರು. ಅದನ್ನು ಮೇಲ್‌ನಲ್ಲೇ ಒತ್ತಬೇಕು, ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ನಡೆಯದು. ಇವತ್ತು ಹಾಜರಾಗದಿದ್ದರೆ ಇನ್ನೆರಡು ವರ್ಷ ಕಾಯಬೇಕು.

ಆದರೆ ಗಂಡನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಮೇಲ್‌ನಿಂದ ಯಾವ ಲಿಂಕ್ ಒತ್ತಿದರೂ ಬಾಣದ ಗುರುತು ಎರಡು ಸುತ್ತು ತಿರುಗಿ ಸುಮ್ಮನಾಗುತ್ತಿತ್ತು. ಬ್ರೌಸರಿಗೇನೂ ರೋಗವಿರಲಿಲ್ಲ. ನೇರವಾಗಿ ತೆರೆದರೆ ಪ್ರಪಂಚವನ್ನೆಲ್ಲ ತೋರಿಸುತ್ತಿತ್ತು, ಬೇರೆ ಕಡೆಯಿಂದ ಕರೆದರೆ ಮಾತ್ರ ಓ ಎನ್ನುತ್ತಿರಲಿಲ್ಲ. ಕಾರಣ ಲಲಿತಾಂಬ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಂಚೆ ಗರುಡ ಎಂಬ ಬ್ರೌಸರಿತ್ತು. ಹನ್ನೆರಡು ವರ್ಷ ದುಡಿದ ಗರುಡನನ್ನು ತೆಗೆದು ಪಟ್ಟಾಭಿಯವರು ಹಂಸ ಎಂಬ ಹೊಸದನ್ನು ಹಾಕಿಕೊಂಡಿದ್ದರು. ಆದರೆ 'ಲಿಂಕ್ ತೆರೆಯುವವರು ಯಾರು' ಎಂಬ ಜಾಗದಲ್ಲಿ ಗರುಡನ ಹೆಸರನ್ನೇ ಉಳಿಸಿದ್ದರು. ಬಂದ ಲಿಂಕೆಲ್ಲ ಗರುಡನನ್ನು ಹುಡುಕಿಕೊಂಡು ಹೋಗಿ, ಖಾಲಿ ಕುರ್ಚಿಗೆ ನಮಸ್ಕಾರ ಹಾಕಿ ವಾಪಸಾಗುತ್ತಿತ್ತು.

"ಗರುಡ ಅನ್ನೋದನ್ನ ಅಳಿಸಿ ಹಂಸ ಅಂತ ಬರೆದ್ರೆ ಮುಗೀತಲ್ರೀ! ಒಂದು ನಿಮಿಷದ ಕೆಲಸ!"

"ಅಳಿಸೋದಾ? ನಾನು ರಿಟೈರ್ ಆದ ಮಾರನೇ ದಿನ ಮರೆತ ಛತ್ರಿ ತರೋಕೆ ಎಕ್ಸ್‌ಚೇಂಜಿಗೆ ಹೋದೆ ಕಣೇ. ಅಷ್ಟರಲ್ಲಿ ನನ್ನ ಹೆಸರಿನ ಬೋರ್ಡು ಕಿತ್ತು, ಅದರ ಬೆನ್ನಿಗೆ 'ಇಲ್ಲಿ ಉಗುಳಬೇಡಿ' ಅಂತ ಬರೆದು ಮೆಟ್ಟಿಲ ಹತ್ರ ಹಾಕಿದ್ರು! ಅಂಥ ಅನ್ಯಾಯ ನಾನು ಗರುಡನಿಗೆ ಮಾಡಲ್ಲ!"

ಈ ಮಾತು ಬಂದಾಗಲೆಲ್ಲ ಲಲಿತಾಂಬ ವಾದ ಕೈಬಿಡುತ್ತಿದ್ದರು. ಅವತ್ತು ಛತ್ರಿಯಿದ್ದೂ ಮಳೆಯಲ್ಲಿ ನೆನೆದು ಬಂದ ಗಂಡನ ಮುಖ ಅವರಿಗಿನ್ನೂ ಮರೆತಿರಲಿಲ್ಲ.

"ಎಕ್ಸ್‌ಚೇಂಜಿನ ಪದ್ಧತಿ ಏನು?" ಪಟ್ಟಾಭಿಯವರು ಪಾಠ ಶುರು ಮಾಡಿದರು. "ಒಂದು ಲೈನ್ ಎತ್ತಲಿಲ್ಲ ಅಂದ್ರೆ ಪಕ್ಕದ ಲೈನಿಗೆ ಕೊಡೋದು. ಅಲ್ಲೂ ಎತ್ತಲಿಲ್ವೋ, ಮುಂದಿನದಕ್ಕೆ! ಕರೆ ಮಾಡಿದವರನ್ನ ಬರಿಗೈಲಿ ಕಳಿಸಬಾರದು. ಗರುಡ ಎತ್ತದ ಲಿಂಕನ್ನ ಈ ಪೆಟ್ಟಿಗೆ ಎತ್ತೋವ್ರ ಕೈಗೆ ಕೊಡುತ್ತೆ. ನೋಡ್ತಿರು!"

ಯಾರೋ ಮೇಲ್‌ನಲ್ಲಿ ಕಳಿಸಿದ್ದ ಕೋಡುಬಳೆ ಲಿಂಕನ್ನು ಒತ್ತಿದರು. ಪೆಟ್ಟಿಗೆ ಟಿಕ್ ಎಂದಿತು. ಅಡುಗೆಮನೆಯಲ್ಲಿ ಮಿಕ್ಸಿ ತಾನಾಗಿಯೇ ಗಂಟಲು ಸರಿಮಾಡಿಕೊಂಡು, "ಅಕ್ಕಿಹಿಟ್ಟ್‌ಟ್‌ಟ್ ಎರಡು ಪಾವ್‌ವ್‌ವ್!" ಎಂದು ಗರ್ಜಿಸಿತು.

"ತೆರೀತು! ತೆರೀತು!" ಪಟ್ಟಾಭಿಯವರು ಕುಣಿದೇಬಿಟ್ಟರು.

"ಮಿಕ್ಸಿಯಲ್ಲಿ ತೆರೀತು," ಎಂದರು ಲಲಿತಾಂಬ.

ಎರಡನೆಯದು ಹವಾಮಾನದ ಲಿಂಕು. ಬಟ್ಟೆ ಒಗೆಯುವ ಮಷೀನಿನ ಮುಚ್ಚಳ ಮೆಲ್ಲಗೆ ಮೇಲೆದ್ದಿತು. ಒಳಗಿಂದ ದಿಂಬಿನಷ್ಟು ದೊಡ್ಡ ಮೋಡವೊಂದು ಹೊರಬಂದು, ನಡುಮನೆಯಲ್ಲಿ ಸುತ್ತು ಹಾಕಿ, ಪಟ್ಟಾಭಿಯವರ ಬೋಳುತಲೆಯ ಮೇಲೆ ನಾಲ್ಕು ಹನಿ ಉದುರಿಸಿತು. ಮನೆಯೆಲ್ಲ ಹಸಿಮಣ್ಣಿನ ವಾಸನೆ. ಮೂರನೆಯದು ರೈಲು ವೇಳಾಪಟ್ಟಿ. ಅದನ್ನು ಫ್ಯಾನು ಎತ್ತಿಕೊಂಡಿತು. ಸಣ್ಣ ಸ್ಟೇಷನ್ ಬಂದರೆ ನಿಧಾನ, ದೊಡ್ಡ ಸ್ಟೇಷನ್ ಬಂದರೆ ಪೂರ್ತಿ ನಿಲ್ಲುವುದು! ಅರಸೀಕೆರೆಯಲ್ಲಿ ಎರಡು ನಿಮಿಷ ನಿಂತಾಗ ಮೇಲಿನಿಂದ ಯಾರೋ "ಕಾಫಿ, ಕಾಫಿ" ಎಂದು ಕೂಗಿಕೊಂಡು ಹೋದರು. ಲಲಿತಾಂಬ ಅವರಿಗೂ ಒಂದು ಗಳಿಗೆ ಎಲ್ಲ ಮರೆತು, ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಎಲ್ಲಿಗೋ ಹೋಗುತ್ತಿರುವಂತೆ ಹಿತವಾಯಿತು.

ಅಷ್ಟರಲ್ಲಿ ಪಟ್ಟಾಭಿಯವರು ನಾಲ್ಕನೆಯ ಲಿಂಕನ್ನೂ ಒತ್ತಿದ್ದರು. ಪಕ್ಕದ ಮನೆಯ ಸಾವಂತ್ರಮ್ಮ ಕಾಂಪೌಂಡಿನಾಚೆಯಿಂದ ಕಿರುಚಿದರು. "ಲಲಿತಮ್ಮಾ! ನಮ್ಮ ಕುಕ್ಕರು ಸೀಟಿ ಹಾಕೋದು ಬಿಟ್ಟು ರಾಶಿಭವಿಷ್ಯ ಹೇಳ್ತಾ ಕೂತಿದೆ!"

"ಏನಂತೆ ಭವಿಷ್ಯ?" ಪಟ್ಟಾಭಿಯವರು ಕುತೂಹಲದಿಂದ ಕೇಳಿದರು.

"ಕನ್ಯಾರಾಶಿಯೋರಿಗೆ ಪ್ರಯಾಣಯೋಗವಂತೆ!"

"ಹಾಗಾದ್ರೆ ಇಳಿಸಬೇಡಿ, ಪೂರ್ತಿ ಕೇಳಿ!"

ಲಲಿತಾಂಬ ಮತ್ತೆ ಗಡಿಯಾರ ನೋಡಿದರು. ಗಂಟೆ ಮೂರೂಮುಕ್ಕಾಲು. "ಕೇಳೋದೇನು ಬಂತು! ನನ್ನ ಪರೀಕ್ಷೆ ಲಿಂಕೂ ಕುಕ್ಕರಿಗೇ ಹೋದ್ರೆ ನಾನು ಸಾವಂತ್ರಮ್ಮನ ಬೇಳೆಗೆ ಹಾಡಬೇಕಾ? ಹೆಸರು ಬದಲಾಯಿಸ್ತೀರೋ ಇಲ್ವೋ?"

"ಐದೇ ನಿಮಿಷ ಕೊಡು. ಯಾವ ಲೈನ್ ತಪ್ಪಿದೆ ಅಂತ ಕೇಳಿ ಸರಿಮಾಡ್ತೀನಿ," ಎಂದು ಪಟ್ಟಾಭಿಯವರು ಎಕ್ಸ್‌ಚೇಂಜಿನ ಕಾಲದ ಹೆಡ್‌ಫೋನ್ ತಲೆಗೇರಿಸಿ, ಅದರ ವೈರನ್ನು ಪೆಟ್ಟಿಗೆಗೆ ಸಿಕ್ಕಿಸಿ, ಆರಾಮಕುರ್ಚಿಯಲ್ಲಿ ಒರಗಿದರು. ಮಧ್ಯಾಹ್ನದ ಹುಳಿಯನ್ನ, ತಲೆಯ ಮೇಲೆ ತಂಪು ಮೋಡ. ಐದು ನಿಮಿಷಕ್ಕೆ ಗೊರಕೆ ಶುರುವಾಯಿತು.

ಎಬ್ಬಿಸಿದರೆ ಮತ್ತೆ ಗರುಡಪುರಾಣವೇ. ಕದ್ದು ತಾವೇ ಹೆಸರು ಬದಲಿಸೋಣವೆಂದರೆ, ಮಳೆಯಲ್ಲಿ ನೆನೆದು ಬಂದಿದ್ದ ಆ ಮುಖ ನೆನಪಾಯಿತು. ಲಲಿತಾಂಬ ಒಲೆ ಆರಿಸುವಂತೆ ಸಾವಂತ್ರಮ್ಮನಿಗೆ ಕೂಗಿ ಹೇಳಿದರು, ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿದರು. ಮಿಕ್ಸಿ, ಮಷೀನು, ಫ್ಯಾನು ಎಲ್ಲ ಬಂದ್. ಲ್ಯಾಪ್‌ಟಾಪಿಗೆ ಬ್ಯಾಟರಿಯಿತ್ತು, ಡಾಂಗಲ್ಲಿನ ಇಂಟರ್ನೆಟ್ಟಿತ್ತು. ಇನ್ನು ಬೇರೆ ದಾರಿಯಿಲ್ಲದೆ ಲಿಂಕು ಲ್ಯಾಪ್‌ಟಾಪಿನಲ್ಲೇ ತೆರೆಯಬೇಕೆಂದು ಅವರ ಲೆಕ್ಕ. ಸರಿಯಾಗಿ ನಾಲ್ಕಕ್ಕೆ ದೇವರನ್ನು ನೆನೆದು ಒತ್ತಿದರು.

ಬಾಣ ಎರಡು ಸುತ್ತು ತಿರುಗಿತು. ಲ್ಯಾಪ್‌ಟಾಪ್ ಸುಮ್ಮನಾಯಿತು. ಬ್ಯಾಟರಿಯಿಂದಲೇ ನಡೆಯುತ್ತಿದ್ದ ಪೆಟ್ಟಿಗೆ ಮಾತ್ರ ಮನೆಯಲ್ಲಿ ಇನ್ನೂ ಯಾರಿದ್ದಾರೆಂದು ಹುಡುಕಿತು. ಟಿಕ್, ಟಿಕ್, ಟಿಕ್... ಹಸಿರು ದೀಪ ಹತ್ತಿತು. ಗೊರಕೆ ನಿಂತಿತು.

"ನಮಸ್ಕಾರ. ಪರೀಕ್ಷಾರ್ಥಿ ಲಲಿತಾಂಬ ಅವರೇ?" ಎಂದರು ಪಟ್ಟಾಭಿಯವರು. ದನಿ ಅವರದಲ್ಲ! ಯಾರೋ ವಯಸ್ಸಾದ ಹೆಂಗಸಿನ ಮೆದು ದನಿ.

ಲಲಿತಾಂಬ ಬಗ್ಗಿ ಗಂಡನ ಮುಖ ನೋಡಿದರು. "ಹೌ... ಹೌದಮ್ಮ."

"ನಿಮ್ಮ ಕ್ಯಾಮೆರಾ ಮುಚ್ಚಿದೆಯಲ್ಲ, ಏನೂ ಕಾಣ್ತಿಲ್ಲ."

ಲಲಿತಾಂಬ ಒಂದು ಕ್ಷಣ ಯೋಚಿಸಿ, ಎರಡು ಬೆರಳಿನಿಂದ ಗಂಡನ ರೆಪ್ಪೆಗಳನ್ನು ಮೇಲಕ್ಕೆತ್ತಿದರು.

"ಹಾಂ, ಈಗ ಕಾಣುತ್ತೆ. ಶುರು ಮಾಡಿ."

ಕೈ ತೆಗೆದರೂ ಕಣ್ಣು ತೆರೆದೇ ಇತ್ತು. ಲಲಿತಾಂಬ ಸೆರಗು ಸರಿಮಾಡಿಕೊಂಡು ಹಾಡಿದರು. ಮೊದಲ ಸಾಲು ನಡುಗಿತು. ಎರಡನೆಯ ಸಾಲಿನಲ್ಲಿ ಅವರಿಗೆ ಒಂದು ವಿಷಯ ಹೊಳೆಯಿತು: ಈ ಮೂರು ವರ್ಷದಲ್ಲಿ ತಾವು ಹಾಡುವಾಗ ಗಂಡ ಒಮ್ಮೆಯೂ ಹೀಗೆ ಎದುರು ಕೂತು, ಬೇರೆ ಏನನ್ನೂ ರಿಪೇರಿ ಮಾಡದೆ, ತಮ್ಮ ಮುಖವನ್ನೇ ನೋಡಿರಲಿಲ್ಲ! ಆಮೇಲೆ ಅವರು ಪರೀಕ್ಷೆಯನ್ನು ಮರೆತರು. ಮೋಡ ಸೂರಿನ ಹತ್ತಿರ ನಿಂತು ಸಣ್ಣಗೆ ತೂಗಿತು. ಬೀದಿಯಲ್ಲಿ ಸೊಪ್ಪಿನವಳು ಕೂಗುವುದನ್ನು ನಿಲ್ಲಿಸಿ ಗೇಟಿಗೆ ಒರಗಿದಳು. ಹಾಡು ಮುಗಿದದ್ದು ಯಾವಾಗೆಂದು ಹಾಡಿದವರಿಗೇ ತಿಳಿಯಲಿಲ್ಲ.

"ತುಂಬ ಚೆನ್ನಾಗಿ ಹಾಡಿದಿರಿ," ಎಂದಿತು ಆ ದನಿ. "ಪಾಸಾಗಿದ್ದೀರಿ. ಕೇಳ್ತಾ ಕೇಳ್ತಾ ಕಣ್ಣು ತುಂಬಿ ಬಂತಮ್ಮ." ಪಟ್ಟಾಭಿಯವರ ಕಣ್ಣಿನಿಂದ ನಿಜಕ್ಕೂ ನೀರಿಳಿಯುತ್ತಿತ್ತು. ಹಸಿರು ದೀಪ ಆರಿತು.

ಅವರು ದಡಬಡಿಸಿ ಎದ್ದರು. "ಏನಾಯ್ತೇ? ಪರೀಕ್ಷೆ?"

"ಪಾಸು."

"ಯಾರು ಹೇಳಿದ್ದು?"

"ನೀವೇ."

ನಡೆದದ್ದನ್ನು ಕೇಳಿ ಪಟ್ಟಾಭಿಯವರು ನಾಚಿಕೆಯಿಂದ ಹೆಡ್‌ಫೋನ್ ಕಳಚಿದರು. "ಛೇ, ನನ್ನ ಹಟದಿಂದ ನಿನ್ನ ಮೂರು ವರ್ಷ ನೀರುಪಾಲಾಗ್ತಿತ್ತು. ಆಯ್ತು ಬಿಡು, ಗರುಡನೂ ವಿಶ್ರಾಂತಿ ತಗೊಳ್ಳಲಿ. ಈಗಲೇ ಹಂಸನ ಹೆಸರು ಬರೀತೀನಿ," ಎಂದು ಲ್ಯಾಪ್‌ಟಾಪ್ ಎಳೆದುಕೊಂಡರು.

ಲಲಿತಾಂಬ ಗಂಡನ ಒದ್ದೆ ಕೆನ್ನೆಯನ್ನೇ ನೋಡಿದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಬಾಯಿಂದ ಅವರು ಕೇಳಿದ್ದ ಅತಿ ದೊಡ್ಡ ಹೊಗಳಿಕೆಯೆಂದರೆ 'ಉಪ್ಪು ಸರಿಯಾಗಿದೆ'. ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು.

"ಅವಸರ ಏನಿದೆ? ಇದರ ಮುಂದಿನ ಹಂತದ ಪರೀಕ್ಷೆಯೂ ಒಂದು ಮುಗೀಲಿ."