ಚಾಚಾನ ಅಂಗಡಿಯ ಇಸಿಜಿಗಳು

ಮಾನ್ವಿಯಲ್ಲಿ ಅತಿ ಹೆಚ್ಚು ಇಸಿಜಿ ನೋಡಿದವರು ಯಾರೆಂದು ಕೇಳಿದರೆ ನೀವು ಯಾವುದೋ ಡಾಕ್ಟರ ಹೆಸರು ಹೇಳೀರಿ. ತಪ್ಪು! ನಮ್ಮ ಬೀದಿಯ ಟೇಲರ್ ಚಾಚಾ. ನನ್ನ ಶಾಲೆಯ ಲಂಗದಿಂದ ಹಿಡಿದು ಡಾಕ್ಟರಾದ ಮೇಲಿನ ಬಿಳಿ ಕೋಟಿನವರೆಗೆ ಎಲ್ಲ ಹೊಲಿದುಕೊಟ್ಟವರು ಅವರೇ. ಬೀದಿಯಲ್ಲಿ ಯಾರಿಗೆ ಎದೆನೋವು ಬಂದರೂ ಅಂಗಡಿ ಬಾಗಿಲು ಎಳೆದು, ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಅವರ ಜೊತೆ ರಾಯಚೂರಿಗೆ ಹೊರಟುಬಿಡುತ್ತಾರೆ. ಅಲ್ಲಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಡ್ಯೂಟಿ ಡಾಕ್ಟರಾಗಿ ನಾನು ಸಿಗುತ್ತೇನೆ. ನನ್ನ ಗ್ರಹಚಾರ!

ಮೊದಲ ಸಲ ಕಿರಾಣಿ ಅಂಗಡಿಯವರೊಬ್ಬರನ್ನು ಕರೆತಂದಿದ್ದರು. ಮಷೀನಿನಿಂದ ಇಸಿಜಿ ಪಟ್ಟಿ ಹೊರಬಂದದ್ದೇ ತಡ, ಚಾಚಾ ಕನ್ನಡಕ ಏರಿಸಿ ಅದರ ಮೇಲೆ ಟೇಪು ಹಾಸಿದರು.

“ನೋಡು ಬೇಟಿ, ಹೊಲಿಗಿ ಎಲ್ಲಾ ಸಮ ಬಿದ್ದದ. ಇದೊಂದು ಮಾತ್ರ ಅವಸರ ಮಾಡ್ಯದ.”

“ಚಾಚಾ, ಅದು ಹೃದಯರೀ, ಪೈಜಾಮ ಅಲ್ಲ.”

“ಯಾವ್ದಾದ್ರೇನು? ನಡು ದಾರ್ಯಾಗ ಎರಡೂ ಕೈ ಕೊಡಬಾರದು!”

ನನಗೆ ಸಿಟ್ಟು ಬಂತು. ಅವರು ಮೂಗು ತೂರಿಸಿದರೆಂದಲ್ಲ. ಒಂದು ಬಡಿತ ನಿಜಕ್ಕೂ ಹೊತ್ತಿಗೆ ಮುಂಚೆ ಬಿದ್ದಿತ್ತು. ಅಪಾಯದ್ದೇನಲ್ಲ, ಆದರೆ ಅದು ನನ್ನ ಕಣ್ಣಿಗಿನ್ನೂ ಬಿದ್ದೇ ಇರಲಿಲ್ಲ!

ಅಲ್ಲಿಂದ ಶುರುವಾಯಿತು ಸಂಗ್ರಹ. ಟೇಲರುಗಳ ಹತ್ತಿರ ಗಿರಾಕಿಗಳ ಅಳತೆ ಪುಸ್ತಕ ಇರುತ್ತದಲ್ಲ, ಹಾಗೆ ಇಸಿಜಿಯನ್ನೂ ಇಟ್ಟುಕೊಳ್ಳಬೇಕೆಂಬುದು ಚಾಚಾನ ವಾದ. “ಅಳತಿ ಒಮ್ಮಿ ಇಟ್ಟಿದ್ರ, ಮುಂದ ಎಷ್ಟು ಬದಲಾಗ್ಯದ ಅಂತ ತಿಳೀತದ.” ಬೀದಿಯವರೂ ಕಡಿಮೆಯಿಲ್ಲ. “ನಮ್ಮದೂ ಇಟ್ಕೋ ಚಾಚಾ” ಎಂದು ತಾವೇ ತಂದುಕೊಟ್ಟರು. ಪಟ್ಟಿಯ ಗೆರೆ ದಿನ ಕಳೆದಂತೆ ಮಾಸುತ್ತದೆಂದು ಯಾರೋ ಹೇಳಿದ್ದಕ್ಕೆ ಚಾಚಾ ಎಲ್ಲವನ್ನೂ ಲ್ಯಾಮಿನೇಷನ್ನಿಗೆ ಕೊಟ್ಟರು. ಅದು ಶಾಖಕ್ಕೆ ಕಪ್ಪಾಗುವ ಕಾಗದ! ಮಧ್ಯಾಹ್ನ ಫೋನು ಬಂತು.

“ಬೇಟಿ, ಘಾತ ಆತು! ಹದಿನಾಲ್ಕು ಮಂದಿ ಎದಿ ಸುಟ್ಟು ಕರ್ರಗಾತು!”

ಯಾವ ಸಿಲಿಂಡರ್ ಸಿಡಿಯಿತೋ ಎಂದು ನಾನು ಹಾಸಿಗೆ ಖಾಲಿ ಮಾಡಿಸತೊಡಗಿದ್ದೆ. ಪುಣ್ಯಕ್ಕೆ ಆಮೇಲಿನಿಂದ ಅವರು ಜೆರಾಕ್ಸಿಗೆ ಇಳಿದರು.

ನಗುತ್ತಿದ್ದೆ ನಾನು, ದೇವದುರ್ಗದ ಮೇಷ್ಟ್ರು ಬರುವತನಕ. ಎದೆ ಉರಿ, ಬೆವರು. ಇಸಿಜಿಯ ಗೆರೆಗಳು ಅಗಲಗಲವಾಗಿ, ನೋಡಿದರೆ ಭಯವಾಗುವಂತಿದ್ದವು. ಇದು ಇವತ್ತಿನದೋ, ಮೊದಲಿನಿಂದಲೂ ಹೀಗೆಯೋ? ಅದು ಗೊತ್ತಾಗದೆ ಮುಂದೆ ಹೆಜ್ಜೆ ಇಡುವುದು ಕಷ್ಟ.

“ಹಳೇ ಇಸಿಜಿ ಅದ ಏನ್ರಿ?”

“ಮನ್ಯಾಗಿಲ್ರಿ. ಇವರ ಅಂಗಿ ಹೊಲಿಯೋ ಮಾನ್ವಿ ಟೇಲರ್ ಹತ್ರ ಅದ” ಎಂದರು ಮೇಷ್ಟ್ರ ಹೆಂಡತಿ!

ಚಾಚಾಗೆ ಫೋನು ಮಾಡಿದ ಐದೇ ನಿಮಿಷಕ್ಕೆ ವಾಟ್ಸಾಪಿನಲ್ಲಿ ಫೋಟೊ ಬಂತು. ಎರಡು ವರ್ಷದ ಹಿಂದಿನದು, ಅವೇ ಅಗಲ ಗೆರೆಗಳು. ಕೆಳಗೆ ಚಾಚಾನ ಅಕ್ಷರದಲ್ಲಿ “ಎದಿ ೩೮, ನಡ ೩೬, ಎಡಗೈ ತುಸು ಉದ್ದ.” ನನಗೆ ಉಸಿರು ಬಂತು. ಆದರೂ ಬಿಡದೆ ರಕ್ತ ಪರೀಕ್ಷೆ, ಮತ್ತೆರಡು ಇಸಿಜಿ ಮಾಡಿಸಿದೆ. ತಪ್ಪೆಲ್ಲ ಹಿಂದಿನ ದಿನದ ಮಿರ್ಚಿ ಭಜಿಯದು!

ಇಷ್ಟೆಲ್ಲ ಇಟ್ಟುಕೊಂಡವರ ಸ್ವಂತ ಇಸಿಜಿ ಎಲ್ಲಿ? ಆಸ್ಪತ್ರೆಯ ಮೆಟ್ಟಿಲಲ್ಲಿ ಅವರು ಫೋನು ನೋಡುವ ನೆಪ ಮಾಡಿ ಎರಡೆರಡು ಸಲ ನಿಲ್ಲುತ್ತಿದ್ದುದು ನನ್ನ ಕಣ್ಣು ತಪ್ಪಿರಲಿಲ್ಲ. ಪ್ರತಿ ಸಲ ಕೇಳುತ್ತಿದ್ದೆ, ಬೇಡಿಕೊಳ್ಳುತ್ತಿದ್ದೆ. “ಟೇಲರ್ ತನ್ನ ಅಳತಿ ತಾನು ತಗೊಂಡಿದ್ದು ನೋಡೀಯೇನು?” ಎಂದು ನಗಿಸಿ ಜಾರಿಕೊಳ್ಳುತ್ತಿದ್ದರು. ಹೆದರಿಕೆ, ಮತ್ತೇನು? ಊರಿನ ಎದೆಗಳಿಗೆಲ್ಲ ಧೈರ್ಯ ಹೇಳುವವರಿಗೆ ತಮ್ಮದನ್ನು ನೋಡುವ ಧೈರ್ಯವಿರಲಿಲ್ಲ. ಚಾಚಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಗದರಿಸಿ ಎಳೆದು ತರುವವರು ಯಾರು?

ಹೋದ ತಿಂಗಳು ಒಂದು ಬೆಳಿಗ್ಗೆ ಚಾಚಾ ಬಂದರು. ಜೊತೆಗೆ ರೋಗಿ ಇರಲಿಲ್ಲ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

“ಬಸ್ಸಿನ್ಯಾಗ ಬಂದೆ ಬೇಟಿ. ಗ್ಯಾಸ್ ಇರಬೇಕು.”

ಮಲಗಿಸಿ ಇಸಿಜಿ ತೆಗೆದೆ. ಹೋಲಿಸಿ ನೋಡಲು ಹಳೆಯದೇ ಇಲ್ಲ, ಆದರೆ ಬೇಕಾಗಲೂ ಇಲ್ಲ. ಹೃದಯಾಘಾತ ಎದ್ದು ಕಾಣುತ್ತಿತ್ತು. ಹೃದ್ರೋಗ ತಜ್ಞರಿಗೆ ಫೋನು ಮಾಡಿಸಿದೆ, ಮಾತ್ರೆ ಅಗಿಸಿದೆ, ಸೂಜಿ ಚುಚ್ಚಿದೆ. ಅಷ್ಟರಲ್ಲಿ ನರ್ಸು ದಾಖಲಾತಿ ಕಾಗದ ತಂದಳು. ‘ರೋಗಿಯ ಜೊತೆ ಬಂದವರು’ ಎಂಬಲ್ಲಿ ನನ್ನ ಪೆನ್ನು ನಿಂತಿತು.

“ಯಾರಿಗೂ ಹೇಳಲಿಲ್ಲೇನು ಚಾಚಾ?”

“ಯಾಕ ಹೇಳಬೇಕು? ಎಲ್ಲಾರೂ ಅಂಗಡಿ ಬಿಟ್ಟು ಬರ್ತಾರ ಪಾಪ. ಖಾಲಿ ಬಿಡು ಬೇಟಿ.”

ಎಷ್ಟು ಜನರ ಜೊತೆ ಅಂಗಡಿ ಬಿಟ್ಟು ಬಂದಿದ್ದರು ಈ ಮನುಷ್ಯ! ನನ್ನ ಹೆಸರು ಬರೆದೆ. ಪಕ್ಕದಲ್ಲಿ ‘ಸಂಬಂಧ’ ಎಂದಿತ್ತು. ‘ಮಗಳು’ ಎಂದು ಬರೆದೆ.

ಚಾಚಾ ಕತ್ತೆತ್ತಿ ಅದನ್ನು ಓದಿದರು. “ಡಾಕ್ಟ್ರು ಸುಳ್ಳು ಬರೀಬಾರದು” ಎಂದರು, ಮೆಲ್ಲಗೆ.

“ಸುಮ್ನ ಮಲಕೋರಿ” ಎಂದೆ.

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಪೆನ್ನು ಕೈಯಲ್ಲೇ ಇದ್ದರೂ ಅದನ್ನು ಹುಡುಕುವವಳಂತೆ ನಾನು ಈ ಕಡೆ ತಿರುಗಿಕೊಂಡೆ.